ರೋಸ್ತಿನಿಯ ಎರಡು ಮಾತು

ದಡ್ ದಡ್ ದಡಕ್, ದಡ್ ದಡ್ ದಡಕ್. ಲಾಂಡ್ರಿ ಅಂಗಡಿಯ ಮೂಲೆಯ ಹಳೆಯ ವಾಷಿಂಗ್ ಮೆಷಿನ್ನು ಬಟ್ಟೆ ಹಿಂಡುವ ಹೊತ್ತಿಗೆ ಒಂದು ಕಾಲು ನೆಲಕ್ಕೆ ತಾಗದೆ ಹೀಗೆ ಕುಣಿಯುತ್ತಿತ್ತು. ಕಾಲಡಿಗೆ ಒಂದು ಚೂರು ರಟ್ಟು ತುರುಕಿದ್ದರೆ ಸುಮ್ಮನಾಗುತ್ತಿತ್ತು. ರೋಸ್ತಿನಿ ತುರುಕಿರಲಿಲ್ಲ.

“ಕೇಳಿ,” ಅಂದಳು, ಬಟ್ಟೆ ಕೊಡಲು ಬಂದ ಎದುರುಮನೆಯ ಹೆಂಗಸಿಗೆ. “ಹೋದ ತಿಂಗಳು ಆಲ್ಬಮ್ ಬಿಟ್ರಲ್ಲ ಆ ಹುಡುಗ್ರು, ಅವರ ಡ್ರಮ್ಮಿನವನಿಗಿಂತ ಇವನು ವಾಸಿ. ಇವನು ತಪ್ಪಿದ್ರೂ ಒಂದೇ ಥರ ತಪ್ತಾನೆ.”

ಎದುರುಮನೆಯವಳಿಗೆ ಯಾವ ಹುಡುಗರು, ಯಾವ ಆಲ್ಬಮ್ಮು ಗೊತ್ತಿರಲಿಲ್ಲ. ಅವಳು ನಕ್ಕು, “ನನ್ನ ಗಂಡನ ಅಂಗಿಗೆ ಗಂಜಿ ಬೇಡ,” ಅಂದು ಹೋದಳು. ಅವಳು ಅತ್ತ ಹೋಗುವುದಕ್ಕೂ ಇತ್ತ ಗಲ್ಲಿಯ ತುದಿಯಿಂದ ಬು ರೊಕಾಯಾ ಕೂಗುತ್ತ ಬರುವುದಕ್ಕೂ ಸರಿಹೋಯಿತು.

“ರೋಸ್! ಏನ್ ಮಾಡಿಟ್ಟೆ ನೀನು? ಏನ್ ಮಾಡಿಟ್ಟೆ ಅಂತೀನಿ!”

“ಇನ್ನೂ ಏನೂ ಮಾಡಿಲ್ಲ ಬು. ಈಗಷ್ಟೇ ಸೋಪು ಹಾಕಿದೆ.”

“ತಮಾಷೆ ಬೇರೆ ಇವಳಿಗೆ. ತಗೋ, ಓದು.”

ಬು ಅಂದರೆ ಅಮ್ಮ; ಬು ರೊಕಾಯಾ ಚಿಹಪಿತ್ ಮಾರುಕಟ್ಟೆಯ ಹಿಂಬದಿಯಲ್ಲಿ ಹಳೆಯ ಕ್ಯಾಸೆಟ್ಟು, ಹಳೆಯ ರೆಕಾರ್ಡು ಮಾರುವವರು. ಪ್ರತಿ ಭಾನುವಾರ ಮಧ್ಯಾಹ್ನ ಅವರ ಅಂಗಡಿಯ ಮುಂದೆ ಒಂದಷ್ಟು ಜನ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತು ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದರು. ಕೇಳಿದ ಮೇಲೆ ಒಬ್ಬೊಬ್ಬರೂ ಅಭಿಪ್ರಾಯ ಹೇಳಬೇಕು. ಹೇಳಿದ್ದೆಲ್ಲ ‘ಬಿಸಿ ಕಿವಿ’ ಎಂಬ ಜೆರಾಕ್ಸ್ ಪತ್ರಿಕೆಯಾಗಿ ಬಾಂಡುಂಗ್ ಊರಿನ ಬ್ಯಾಂಡುಗಳ ಕೈಗೆಲ್ಲ ಹೋಗುತ್ತಿತ್ತು. ಬು ರೊಕಾಯಾ ಈಗ ಕೈಯಲ್ಲಿ ಆಡಿಸುತ್ತಿದ್ದದ್ದು ಅದರದೇ ಹೊಸ ಸಂಚಿಕೆ.

ಇಡೀ ಸಂಚಿಕೆ ಒಂದೇ ಆಲ್ಬಮ್ಮಿಗೆ ಮೀಸಲು: ಎಲ್ಲರೂ ಕಾಂಗ್, ಅಂದರೆ ಅಣ್ಣ, ಎಂದು ಕರೆಯುವ ದರ್ಸಾ ಹಾಡಿದ ‘ಕೊನೆಗೂ ನೆರಳು’. ಮೊದಲ ಪುಟದ ತುಂಬ ಸಂಪಾದಕ ದೋದಿಯ ವಿಮರ್ಶೆ. ‘ಬದುಕಿನ ಬಿಸಿಲಲ್ಲಿ ಮಾಗಿದ ದನಿ’ ಎಂದು ಶುರುವಾಗಿ ಅದು ಒಂದೂವರೆ ಪುಟ ಮಾಗುತ್ತ ಹೋಗಿತ್ತು. ಆಮೇಲೆ ಬು ರೊಕಾಯಾ ಅವರದು: ‘ಪರವಾಗಿಲ್ಲ. ಕವರಿನ ಬಣ್ಣ ಕಣ್ಣಿಗೆ ತಂಪಾಗಿದೆ.’ ಆಮೇಲೆ ಉಳಿದವರದು, ಒಂದಕ್ಕಿಂತ ಒಂದು ಸಿಹಿ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಯಾವಾಗಲೂ ಅವಳಿಗೆಂದೇ ಬಿಟ್ಟ ಜಾಗದಲ್ಲಿ, ಹೀಗಿತ್ತು:

‘ತೇ ರೋಸ್: ಗಾ ಎನಾಕ್.’

ರೋಸ್ ಅಕ್ಕ: ಹಿತವಾಗಿಲ್ಲ. ಅಷ್ಟೇ. ಎರಡೇ ಪದ.

ರೋಸ್ತಿನಿ ಒದ್ದೆ ಕೈಯಲ್ಲೇ ಹಾಳೆ ಹಿಡಿದು ನಿಂತಳು. ‘ಅಯ್ಯೋ, ನಾನು ಹಾಗಂದಿಲ್ಲ’ ಎಂಬ ಮಾತು ತುಟಿಯವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಅಂದದ್ದೇನೋ ಹೌದು. ಆ ಎರಡು ಪದ ಅವಳ ಬಾಯಿಂದಲೇ ಹೊರಟದ್ದು. ಆದರೆ ಹೊರಟಾಗ ಅವುಗಳ ಅರ್ಥ ಬೇರೆ ಇತ್ತು.

“ಕಾಂಗ್ ದರ್ಸಾ ಓದಿದ್ರಾ?”

“ಓದದೆ? ನಿನ್ನೆಯಿಂದ ಅವರ ಹೆಂಡತಿ ಫೋನ್ ಎತ್ತಿಲ್ಲ. ಭಾನುವಾರ ನನ್ನ ಅಂಗಡಿ ಮುಂದೆ ಕ್ಯಾಸೆಟ್ ಬಿಡುಗಡೆ. ನೀನು ಬಂದು ಎಲ್ಲರ ಮುಂದೆ ಇದನ್ನ ಸರಿ ಮಾಡ್ಬೇಕು ರೋಸ್. ಇಲ್ಲ ಅಂದ್ರೆ ನಿನ್ನ ಸ್ಟೂಲು ನಾನು ಒಳಗಿಡ್ತೀನಿ. ಹೇಳಿಲ್ಲ ಅಂತ ಆಮೇಲೆ ಅನ್ನಬೇಡ.”

ಬು ರೊಕಾಯಾ ಯಾವತ್ತೂ ಯಾರಿಗೂ ಗದರಿದವರಲ್ಲ. ‘ಪರವಾಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಇಡೀ ಜೀವನ ಸಾಗಿಸಿದವರು.

*

ಎನಾಕ್ ಅಂದರೆ ರುಚಿ, ಹಿತ, ಸುಖ. ಸಾರು ಎನಾಕ್, ನಿದ್ದೆ ಎನಾಕ್, ಹಾಡು ಎನಾಕ್. ಗಾ ಎನಾಕ್ ಅಂದರೆ ಹಿತವಾಗಿಲ್ಲ. ಆದರೆ ಅದೇ ಮಾತನ್ನು ತಲೆ ಸ್ವಲ್ಪ ಬಗ್ಗಿಸಿ, ಕೈ ಸ್ವಲ್ಪ ಆಡಿಸಿ ಅಂದರೆ ‘ಹೇಳೋಕೆ ಸಂಕೋಚ’ ಎಂದಾಗುತ್ತದೆ. ಊಟಕ್ಕೆ ಕೂರಿ ಎಂದರೆ ನೆಂಟ ಅನ್ನುವುದು ಅದನ್ನೇ. ಮಗನ ಮದುವೆಗೆ ತಾನು ಕರೆಯದೆ ಬಿಟ್ಟ ನೆರೆಯವನನ್ನು ದಾರಿಯಲ್ಲಿ ಕಂಡಾಗ ಮನಸ್ಸಿನಲ್ಲಿ ಆಡಿಕೊಳ್ಳುವುದೂ ಅದನ್ನೇ. ಬಾಂಡುಂಗ್ ಊರು ನಡೆಯುವುದೇ ಆ ಸಂಕೋಚದ ಎಣ್ಣೆಯ ಮೇಲೆ. ಅದಿಲ್ಲದಿದ್ದರೆ ಅಷ್ಟೊಂದು ಜನ ಅಷ್ಟು ಇಕ್ಕಟ್ಟಾದ ಗಲ್ಲಿಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು ಬದುಕಲು ಆದೀತೆ?

ರೋಸ್ತಿನಿಗೆ ಮಾತ್ರ ದೇವರು ಆ ಎಣ್ಣೆ ಹಾಕುವುದನ್ನು ಮರೆತಿದ್ದ.

ಅವಳ ಮದುವೆಯ ದಿನದ ಕಥೆಯನ್ನು ಅವಳಿರುವ ಚಿಕುತ್ರಾ ಗಲ್ಲಿಯಲ್ಲಿ ಇನ್ನೂ ಹೇಳುತ್ತಾರೆ. ಹೂವಿನ ಮಂಟಪದಲ್ಲಿ ಗಂಡಿನ ಪಕ್ಕ ಕೂತಿದ್ದಾಳೆ. ತಲೆಯ ಮೇಲೆ ಬಂಗಾರ ಬಣ್ಣದ ಕಿರೀಟ, ಕತ್ತು ಆಡಿಸಲಾಗದಷ್ಟು ಭಾರ. ಕೆಳಗೆ ಒಬ್ಬ ಕೀಬೋರ್ಡು ನುಡಿಸುತ್ತಿದ್ದಾನೆ, ಒಬ್ಬಾಕೆ ಹಾಡುತ್ತಿದ್ದಾಳೆ. ಅವಳ ದನಿ ಮೇಲಿನ ಸ್ವರಕ್ಕೆ ಎಟುಕದೆ ಪ್ರತಿ ಸಲ ಎಡವುತ್ತಿದೆ. ಒಂದು ಹಾಡು ಸಹಿಸಿದಳು, ಎರಡು ಸಹಿಸಿದಳು. ಮೂರನೆಯದಕ್ಕೆ ಎದ್ದು, ಕಿರೀಟದ ಗೆಜ್ಜೆ ಝಲ್ ಝಲ್ ಅನ್ನಿಸುತ್ತ ಇಳಿದು ಬಂದು ಕೀಬೋರ್ಡಿನವನಿಗೆ ಹೇಳಿದಳು: “ಅಣ್ಣಾ, ಒಂದು ಸ್ವರ ಕೆಳಗಿಳಿಸಿ. ಅವರಿಗೂ ಕಷ್ಟ, ನಮಗೂ ಕಷ್ಟ.” ಇಳಿಸಿದ. ಹಾಡು ಚೆನ್ನಾಗಿಯೇ ಆಯಿತು. ಆದರೆ ಅತ್ತೆ ಬಹಳ ದಿನ ಕಂಡಕಂಡವರಿಗೆ, “ಮನೆಗೆ ಸೊಸೆ ತರೋಣ ಅಂತ ಹೋದ್ವಿ, ಪರೀಕ್ಷಕಿ ಸಿಕ್ಕಿದ್ಲು,” ಅನ್ನುತ್ತಿದ್ದರು. ಗಂಡ ಕೊಸಾಸಿ ಮಾತ್ರ ಅಂದು ಮಂಟಪದಲ್ಲಿ ನಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಂಡಿದ್ದ. ಅವನು ಊರಿನ ಹಸಿರು ಬಾಡಿಗೆ ವ್ಯಾನು ಓಡಿಸುತ್ತಾನೆ. ಎಂಜಿನ್ನಿನ ಸದ್ದಿಗೆ ಎಡಗಿವಿ ಮಂದವಾಗಿದೆ. ತಮ್ಮ ಸಂಸಾರ ಇಷ್ಟು ಸುಸೂತ್ರವಾಗಿ ನಡೆಯಲು ಆ ಎಡಗಿವಿಯೇ ಕಾರಣ ಎಂದು ಅವನು ಗೆಳೆಯರಲ್ಲಿ ಹೇಳುತ್ತಾನೆ.

ಭಾನುವಾರದ ಕೂಟಕ್ಕೆ ರೋಸ್ತಿನಿ ಬಂದದ್ದು ಒಂದು ಕ್ಯಾಸೆಟ್ ಕೊಳ್ಳಲು. ಉಳಿದದ್ದು ದೋದಿಯ ಜೊತೆ ಜಗಳವಾಡಲು. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ದೋದಿ ಅಂದೂ ಯಾವುದೋ ಆಲ್ಬಮ್ಮನ್ನು ‘ಮಾಗಿದ’ ಎಂದು ಓದುತ್ತಿದ್ದ.

“ಮಾಗಿದ, ಮಾಗಿದ ಅಂತೀಯಲ್ಲಪ್ಪ, ಇದೇನು ಹಲಸಿನ ಹಣ್ಣಾ?” ಅಂದಿದ್ದಳು ಇವಳು, ಪರಿಚಯ ಕೂಡ ಇಲ್ಲದೆ. “ಕೇಳಿ ಬರೆದ್ಯೋ, ಮೂಸಿ ಬರೆದ್ಯೋ?”

ದೋದಿಯ ಮುಖ ಕೆಂಪಾಯಿತು. ಆದರೆ ಅವನು ಒಳ್ಳೆಯ ಸಂಪಾದಕ. ಮುಂದಿನ ಸಂಚಿಕೆಯಿಂದ ಕೊನೆಯ ಸಾಲನ್ನು ಅವಳಿಗೆ ಬಿಟ್ಟುಕೊಟ್ಟ. ಜನ ಪತ್ರಿಕೆಯನ್ನು ಹಿಂದಿನಿಂದ ಓದತೊಡಗಿದರು. ಒಂದು ಬ್ಯಾಂಡಿನ ಹಾಡಿಗೆ ಅವಳು ‘ಹಲ್ಲುನೋವಿಗಿಂತ ಉದ್ದ’ ಅಂದಳು. ಆ ಹುಡುಗರು ಮೊದಲು ಅತ್ತರು. ಆಮೇಲೆ ಆ ಮಾತನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದರು. ಅವಳಿಗೂ ಒಂದು ತಂದುಕೊಟ್ಟರು. ಅದನ್ನು ತೊಟ್ಟೇ ಅವಳು ಅವರ ಮುಂದಿನ ಆಲ್ಬಮ್ಮನ್ನೂ ಬೈದಳು.

ವಾರವೆಲ್ಲ ಊರವರ ಕಾಲರಿನ ಕೊಳೆ, ಊರವರ ಸಾರಿನ ಕಲೆ. ಅಂಗಡಿಗೆ ಬಂದವರು ಗಂಜಿ ಬೇಕು, ಬೇಡ ಅನ್ನುತ್ತಾರೆಯೇ ಹೊರತು, ‘ನಿನಗೇನನ್ನಿಸುತ್ತೆ ರೋಸ್ತಿನಿ?’ ಎಂದು ಯಾರು ಕೇಳುತ್ತಾರೆ? ಭಾನುವಾರ ಕೇಳುತ್ತಿದ್ದರು. ಹಾಡು ಮುಗಿದು ಟೇಪು ಸರ್ರನೆ ಓಡುವ ಆ ಒಂದು ಗಳಿಗೆಯಲ್ಲಿ ಎಲ್ಲರ ಮುಖ ಅವಳ ಕಡೆ ತಿರುಗುತ್ತಿತ್ತು. ಆ ನೀಲಿ ಸ್ಟೂಲಿನ ಮೇಲೆ ಕೂತಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬು ರೊಕಾಯಾ ಒಳಗಿಡುತ್ತೇನೆ ಎಂದದ್ದು ಆ ಸ್ಟೂಲನ್ನು.

ಇನ್ನು ದರ್ಸಾ. ಹತ್ತೊಂಬತ್ತರ ವಯಸ್ಸಿನಲ್ಲಿ ರೋಸ್ತಿನಿ ನೂಲಿನ ಕಾರ್ಖಾನೆಯಲ್ಲಿದ್ದಾಗ ಅಲ್ಲೊಂದು ಮುಷ್ಕರವಾಯಿತು. ಗೇಟಿನ ಹೊರಗೆ, ಬೋರಲು ಹಾಕಿದ ಡ್ರಮ್ಮಿನ ಮೇಲೆ ನಿಂತು ಒಬ್ಬ ತೆಳ್ಳನೆಯ ಹುಡುಗ ಹಾಡಿದ. ಅವನ ಬ್ಯಾಂಡಿನ ಹೆಸರು ‘ಸೀಮೆಎಣ್ಣೆ ಬತ್ತಿ’. ದನಿ ಮೇಲೆ ಮೇಲೆ ಏರಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಹಸಿ ಬಿದಿರು ಸೀಳಿದ ಹಾಗೆ ಎರಡಾಗುತ್ತಿತ್ತು. ರಾತ್ರಿ ಪಾಳಿ ಮುಗಿಸಿ ನಿಂತಿದ್ದ ಹುಡುಗಿಯರೆಲ್ಲ ಆ ಸೀಳಿಗೆ ಅತ್ತರು. ರೋಸ್ತಿನಿ ಅಳಲಿಲ್ಲ. ತನ್ನೊಳಗೆ ಹೆಸರಿಲ್ಲದೆ ಬಿದ್ದುಕೊಂಡಿದ್ದ ಏನೋ ಒಂದು ಎದ್ದು ನಿಂತು, ‘ಹಾಂ, ಇದೇ’ ಅಂದಂತಾಯಿತು ಅವಳಿಗೆ. ಬ್ಯಾಂಡು ಬಹಳ ಕಾಲ ಬಾಳಲಿಲ್ಲ. ದರ್ಸಾ ಮಿಕ್ಸಿ, ಫ್ಯಾನು ರಿಪೇರಿಗೆ ಕೂತರು, ಕೂದಲು ಬೆಳ್ಳಗಾಯಿತು. ಭಾನುವಾರದ ಕೂಟಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅವರನ್ನು ಬಿಡದೆ ಕಾಡಿದವಳು ಇವಳೇ. “ಹಾಡಿ ಕಾಂಗ್. ಸಾಯೋದ್ರೊಳಗೆ ಇನ್ನೊಂದ್ಸಲ ಹಾಡಿ. ನಿಮಗಲ್ಲ, ನಮಗೆ.” ವರ್ಷಗಟ್ಟಲೆ ಕಾಡಿದ ಮೇಲೆ ಅವರು ಹಾಡಿದರು. ಅದೇ ‘ಕೊನೆಗೂ ನೆರಳು’.

ಕ್ಯಾಸೆಟ್ಟು ಹೊರಬರುವ ಮೊದಲು ಕೂಟದವರನ್ನೆಲ್ಲ ದರ್ಸಾ ಮನೆಗೆ ಕರೆದು ಕೇಳಿಸಿದರು. ಗೋಡೆಗೆ ಹೊಸ ಸುಣ್ಣ, ಚಾಪೆಯ ಮೇಲೆ ಸಾಲಾಗಿ ಕಾಫಿ ಲೋಟ. ಹೆಂಡತಿ ಲಿಲಿಸ್ ಬಾಗಿಲ ಬಳಿ ತಲೆವಸ್ತ್ರದ ತುದಿ ಹಿಡಿದು ನಿಂತಿದ್ದರು. ಹಾಡು ಶುರುವಾಯಿತು. ದನಿ ಏರಿತು. ರೋಸ್ತಿನಿ ಉಸಿರು ಹಿಡಿದು ಆ ಸೀಳಿಗೆ ಕಾದಳು. ದನಿ ಸಲೀಸಾಗಿ ತುದಿ ಮುಟ್ಟಿ, ಅಷ್ಟೇ ಸಲೀಸಾಗಿ ಇಳಿದು ಬಂತು. ಎರಡನೇ ಹಾಡಿನಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಎಲ್ಲ ಚೊಕ್ಕ, ಎಲ್ಲ ನಯ. ಕಿರುಗುಟ್ಟುತ್ತ ಹಾಡುತ್ತಿದ್ದ ಬಾಗಿಲಿಗೆ ಯಾರೋ ಎಣ್ಣೆ ಬಿಟ್ಟಿದ್ದರು. ದರ್ಸಾ ಬೇರೆ ಯಾರ ಮುಖವನ್ನೂ ನೋಡದೆ ಅವಳೊಬ್ಬಳ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಬರೆದು ಬಂದ ಮಗುವಿನ ಕಣ್ಣು ಅವು.

ಹುಟ್ಟಿದಾಗಿನಿಂದ ಮೊದಲ ಸಲ ರೋಸ್ತಿನಿಯ ನಾಲಿಗೆ ಏಳಲಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಅವಳು ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ದೋದಿ ಫೋನು ಹಿಡಿದು ಎಲ್ಲರ ಅಭಿಪ್ರಾಯ ಬರೆದುಕೊಳ್ಳುತ್ತಿದ್ದ. “ತೇ ರೋಸ್, ನಿಮ್ಮದು?” ಎಂದು ಕೇಳಿದ. ಅವಳು ತಲೆ ಎತ್ತದೆಯೇ ಕೈ ಆಡಿಸಿ, “ಗಾ ಎನಾಕ್, ದೋದಿ,” ಅಂದಳು. ಈಗ ಬೇಡ, ಹೇಳೋಕೆ ಸಂಕೋಚ ಎಂದು.

ಬೇರೆ ಯಾರು ಅಂದಿದ್ದರೂ ದೋದಿಗೆ ಸರಿಯಾಗಿ ತಿಳಿಯುತ್ತಿತ್ತು. ಆದರೆ ಆ ಬಾಯಲ್ಲಿ ಆ ಮಾತಿಗೆ ಸಂಕೋಚದ ಅರ್ಥವೂ ಇರಬಹುದು ಎಂದು ಅವನಿಗೆ ಹೇಗೆ ಹೊಳೆಯಬೇಕು? ತೇ ರೋಸ್‌ಗೆ ಸಂಕೋಚವೇ! ಅವನು ಅಂದದ್ದನ್ನು ಅಂದಂತೆಯೇ ಅಚ್ಚು ಹಾಕಿಸಿದ.

*

“ಇಷ್ಟೇ ತಾನೆ?” ಅಂದ ಕೊಸಾಸಿ, ಊಟಕ್ಕೆ ಕೂತವನು ಇಡೀ ಕಥೆಯನ್ನು ಬಲಗಿವಿಯಲ್ಲಿ ಕೇಳಿ. “ನೆಂಗ್, ಇದಕ್ಕೆ ಇಷ್ಟು ಮುಖ ಬಾಡಿಸ್ಕೊಂಡಿದೀಯಾ? ನೀನು ಅಂದದ್ದೇ ಸಂಕೋಚಕ್ಕೆ. ಹಾಗಂತ ಹೇಳ್ಬಿಡು. ಸುಳ್ಳೂ ಅಲ್ಲ, ಏನೂ ಅಲ್ಲ. ಎಲ್ಲರೂ ನಗ್ತಾರೆ, ದರ್ಸಾ ನಗ್ತಾರೆ, ಕಥೆ ಮುಗೀತು.”

“ಆಮೇಲೆ ಕೇಳ್ತಾರಲ್ಲ. ‘ಹಾಗಾದ್ರೆ ಆಲ್ಬಮ್ ಹೇಗಿದೆ?’ ಅಂತ.”

“ಪರವಾಗಿಲ್ಲ ಅನ್ನು.”

ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಎಡಗಿವಿ ತಿರುಗಿಸಿಕೊಂಡು ಮೀನಿನ ಮುಳ್ಳು ಬಿಡಿಸತೊಡಗಿದ.

ಮರುದಿನ ದೋದಿ ಬಂದ. ಬೆವರಿದ್ದ. ಸ್ಕೂಟರಿನಿಂದ ಇಳಿಯುವ ಮೊದಲೇ ಮಾತು ಶುರುವಿಟ್ಟ.

“ತೇ, ರಾತ್ರಿಯೆಲ್ಲ ಯೋಚನೆ ಮಾಡ್ದೆ. ನೀವು ಅವತ್ತು ತಲೆ ಬಗ್ಗಿಸಿದ್ರಿ. ಕೈ ಹೀಗೆ ಮಾಡಿದ್ರಿ. ಹೌದಲ್ವಾ? ಅಂದ್ರೆ ನೀವು... ನಿಮಗೆ... ಸಂಕೋಚ ಆಯ್ತಾ?”

ಕೊನೆಯ ಪದವನ್ನು ಅವನು ಯಾವುದೋ ಕಾಯಿಲೆಯ ಹೆಸರು ಹೇಳಿದ ಹಾಗೆ ದನಿ ತಗ್ಗಿಸಿ ಹೇಳಿದ.

“ಆಯ್ತು,” ಅಂದಳು ರೋಸ್ತಿನಿ.

“ದೇವರೇ, ಸದ್ಯ!” ದೋದಿ ಸ್ಕೂಟರಿನ ಮೇಲೆಯೇ ಕುಸಿದ. “ತಪ್ಪೆಲ್ಲ ನಂದು ಅಂತ ನಾನೇ ಹೇಳ್ತೀನಿ ತೇ. ಭಾನುವಾರ ನೀವು ಬಂದು ಒಂದೇ ಒಂದು ಮಾತು, ‘ನಾನಂದದ್ದು ಆ ಅರ್ಥದಲ್ಲಿ ಅಲ್ಲ’ ಅಷ್ಟು ಸಾಕು. ಬು ರೊಕಾಯಾ ಸ್ಟೂಲು ಒಳಗಿಡಲ್ಲ. ಎಲ್ಲ ಮೊದಲಿನ ಹಾಗೆ.”

“ನಿನ್ನ ವಿಮರ್ಶೆಯಲ್ಲಿ ಮೂರನೇ ಹಾಡಿಗೆ ಏನು ಬರೆದಿದೀಯಾ?”

“ಅದೀಗ ಯಾಕೆ?”

“‘ಶಾಂತ ಸರೋವರ’ ಅಂತ ಬರೆದಿದೀಯಾ. ನಿಜ ಹೇಳು. ಕೇಳುವಾಗ ನಿನಗೆ ಸರೋವರ ಕಾಣಿಸ್ತಾ?”

ದೋದಿ ಸ್ಕೂಟರಿನ ಕನ್ನಡಿ ತಿರುಗಿಸಿದ. “ಸ್ವಲ್ಪ ನಿದ್ದೆ ಬಂತು,” ಅಂದ ಕೊನೆಗೆ. “ಆದ್ರೆ ತೇ, ಆ ಮನುಷ್ಯ ಎಷ್ಟು ವರ್ಷ ಆದ್ಮೇಲೆ ಹಾಡಿದಾರೆ. ನಿದ್ದೆ ಬಂತು ಅಂತ ಬರೆಯೋಕಾಗತ್ತಾ? ಗಾ ಎನಾಕ್ ಅಲ್ವಾ?”

“ಅದನ್ನೇ ನಾನೂ ಅಂದದ್ದು.” ಅವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. “ಹೋಗು. ಭಾನುವಾರ ಬರ್ತೀನಿ.”

ಅವನು ಸಮಾಧಾನದಿಂದ ಹೋದ. ರೋಸ್ತಿನಿ ಆ ಸಂಜೆಯಿಡೀ ಊರವರ ಅಂಗಿಗಳ ಸುಕ್ಕು ಬಿಡಿಸಿದಳು. ಅಚ್ಚಾದ ಆ ಎರಡು ಪದಗಳನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದಳು. ಅವಳನ್ನು ಚುಚ್ಚುತ್ತಿದ್ದದ್ದು ಅಚ್ಚಿನಲ್ಲಿ ಬಂದ ಅರ್ಥವಲ್ಲ, ದರ್ಸಾ ಮನೆಯ ಗೇಟಿನ ಹತ್ತಿರ ತಾನು ಇಟ್ಟುಕೊಂಡಿದ್ದ ಅರ್ಥ. ಡ್ರಮ್ಮಿನ ಮೇಲೆ ನಿಂತು ಹಾಡಿದ ಹುಡುಗನಿಗೆ ತಾನು ಕೊಟ್ಟದ್ದೇನು? ನೆಂಟರಿಗೆ ಕೊಡುವ ಮಾತು. ಇನ್ನೂ ಸ್ವಲ್ಪ ಬಡಿಸ್ಕೊಳ್ಳಿ, ಬೇಡ ಬೇಡ, ಹೊಟ್ಟೆ ತುಂಬಿದೆ.

*

ಭಾನುವಾರ ಮಾರುಕಟ್ಟೆಯ ಹಿಂಬದಿ ಜನ ಗಿಜಿಗುಟ್ಟುತ್ತಿತ್ತು. ಬು ರೊಕಾಯಾ ಅಂಗಡಿಗೆ ಬಣ್ಣದ ಕಾಗದ ಕಟ್ಟಿದ್ದರು. ಮೇಜಿನ ಮೇಲೆ ಹೊಸ ಕ್ಯಾಸೆಟ್ಟುಗಳ ಗೋಪುರ. ದರ್ಸಾ ಹೊಸ ಬಾಟಿಕ್ ಅಂಗಿ ತೊಟ್ಟು ನಿಂತಿದ್ದರು, ಲಿಲಿಸ್ ಪಕ್ಕದಲ್ಲಿ. ರೋಸ್ತಿನಿಯನ್ನು ಕಂಡದ್ದೇ ಲಿಲಿಸ್ ಮುಖ ತಿರುಗಿಸಿದರು. ನೀಲಿ ಸ್ಟೂಲು ಅದರ ಜಾಗದಲ್ಲೇ ಇತ್ತು. ಯಾರೂ ಅದರ ಮೇಲೆ ಕೂತಿರಲಿಲ್ಲ.

ದೋದಿ ಮೈಕು ಹಿಡಿದು, “ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ತೇ ರೋಸ್ ಹೇಳ್ತಾರೆ,” ಅಂದ.

“ತಿದ್ದುಪಡಿ ಏನಿಲ್ಲ,” ಅಂದಳು ರೋಸ್ತಿನಿ ಮೈಕು ಇಸಿದುಕೊಂಡು. “ಸ್ವಲ್ಪ ಬಾಕಿ ಇದೆ, ಹೇಳಿ ಮುಗಿಸ್ತೀನಿ.”

ಹಿಂದೆ ಯಾರೋ ಕಿಸಕ್ಕೆಂದರು. ಬು ರೊಕಾಯಾ ಹಣೆಗೆ ಕೈ ಹಚ್ಚಿದರು.

“ಅವತ್ತು ಗೇಟಿನ ಹತ್ರ ನಾನಂದದ್ದು ಸಂಕೋಚಕ್ಕೆ. ಅದು ನಿಜ. ದೋದಿ ತಪ್ಪಾಗಿ ಕೇಳಿಸ್ಕೊಂಡು ಸರಿಯಾಗಿ ಬರೆದ. ಆ ಸಂಕೋಚಕ್ಕೆ ನಂಗೆ ಇವತ್ತು ನಾಚಿಕೆ ಆಗ್ತಿದೆ. ಕಾಂಗ್, ನಿಮ್ಮ ಮುಂದೆ ನಿಂತು ಹೇಳ್ತೀನಿ. ಈ ಆಲ್ಬಮ್ ನಂಗೆ ಹಿಡಿಸ್ಲಿಲ್ಲ. ನಿಮ್ಮ ದನಿಗೆ ಯಾರೋ ಕಂಪ್ಯೂಟರಿನಲ್ಲಿ ಇಸ್ತ್ರಿ ಹಾಕಿದಾರೆ. ನಾನು ದಿನಾ ಇಸ್ತ್ರಿ ಹಾಕೋಳು. ಹಾಕಬಾರದ ಬಟ್ಟೆಗೆ ಹಾಕಿದ್ರೆ ಏನಾಗತ್ತೆ ಗೊತ್ತು. ಹೊಳಪು ಬರತ್ತೆ, ಬಟ್ಟೆ ಸತ್ತಿರತ್ತೆ. ಯಾವನು ಆ ಮೆಷಿನ್ನಿನವನು? ಅವನನ್ನ ಕರೀರಿ ಇಲ್ಲಿ!”

ಪಕ್ಕದ ಅಂಗಡಿಯಲ್ಲಿ ಬಾಣಲೆಗೆ ಹಿಟ್ಟು ಬಿಟ್ಟ ಚುಂಯ್ ಸದ್ದೊಂದು ಕೇಳಿತು.

“ಮೆಷಿನ್ ಅಲ್ಲ ರೋಸ್,” ಅಂದರು ದರ್ಸಾ. ಮೈಕಿಲ್ಲದೆ, ಮೆಲ್ಲಗೆ. “ಅದು ನಾನೇ.”

“ಏನು?”

“ಯಾವ ಕಂಪ್ಯೂಟರೂ ಮುಟ್ಟಿಲ್ಲ. ನಾನು ಹಾಡಿದ್ದೇ ಹಾಗೆ. ನೀನು ಸೀಳು, ಸೀಳು ಅಂತೀಯಲ್ಲ, ನಾನದನ್ನ ಬೇಕಂತ ಹಾಡ್ತಿದ್ದೆ ಅಂದ್ಕೊಂಡಿದ್ಯಾ? ಹೆದರಿ ಸಾಯ್ತಿದ್ದೆ. ಆ ಜಾಗ ಹತ್ರ ಬರ್ತಿದ್ದ ಹಾಗೇ ಕಣ್ಣು ಮುಚ್ಕೊಳ್ತಿದ್ದೆ. ದನಿ ಮುರಿದಾಗೆಲ್ಲ ನೀವು ಚಪ್ಪಾಳೆ ತಟ್ಟೋರು, ನಾನು ಮನೆಗೆ ಹೋಗಿ ಗೋಡೆಗೆ ತಲೆ ಹಚ್ಚಿ ಕೂರೋನು. ಹಾಡು ಬಿಟ್ಟದ್ದೇ ಅದಕ್ಕೆ. ಆಮೇಲೆ ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು, ಲಿಲಿಸ್‌ನ ಕೇಳು, ದಿನಾ, ಎಳೆ ಎಳೆಯಾಗಿ ಅದನ್ನ ಹೊಲಿದೆ. ಈಗ ಹೊಲಿಗೆ ಕಾಣಲ್ಲ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಕೆಲಸ ಅದೊಂದೇ.”

ರೋಸ್ತಿನಿಯ ಕೈಯಲ್ಲಿದ್ದ ಮೈಕು ತಾನಾಗಿ ಕೆಳಗಿಳಿಯಿತು. ಬಚ್ಚಲಿನಲ್ಲಿ, ತಂಬಿಗೆ, ಬಕೀಟಿನ ನಡುವೆ, ಬೆಳ್ಳಗಾಗುತ್ತಿರುವ ತಲೆಯ ಒಬ್ಬ ಮನುಷ್ಯ ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡುವುದು ಅವಳ ಕಣ್ಣಿಗೆ ಕಟ್ಟಿತು. ತಾನು ಇಷ್ಟು ವರ್ಷ ಪ್ರೀತಿಸಿದ್ದು ಆ ಮನುಷ್ಯ ಇಷ್ಟು ವರ್ಷ ಮುಚ್ಚಿಡಲು ಹೆಣಗಿದ ಗಾಯವನ್ನು! ಸುತ್ತಲಿನವರ ಮುಖಗಳು ಮೆತ್ತಗಾಗಿ ಅವಳಿಗಾಗಿ ಕಾಯುತ್ತಿದ್ದವು. ಈಗ ಬಾಗುತ್ತಾಳೆ. ಈಗ ಒಂದೇ ಒಂದು ಸಿಹಿ ಮಾತು ಬರುತ್ತದೆ, ಎಲ್ಲರೂ ಅತ್ತು ನಕ್ಕು ಕಾಫಿ ಕುಡಿಯುತ್ತಾರೆ. ಆ ಮಾತು ಬಾಯಲ್ಲಿ ಬೆಲ್ಲದ ಹಾಗೆ ಕರಗಲು ತಯಾರಾಗಿಯೂ ಇತ್ತು.

“ದೋದಿ,” ಅಂದಳು. “ಬರ್ಕೋ. ಕಂಪ್ಯೂಟರ್ ಅಂದದ್ದು ನನ್ನ ತಪ್ಪು. ಗೊತ್ತಿಲ್ಲದೆ ಅಂದೆ. ಅದನ್ನ ತಿದ್ದು. ನನ್ನ ಹೆಸರು ಹಾಕೇ ತಿದ್ದು.”

“ಸರಿ ತೇ. ಮತ್ತೆ... ಉಳಿದದ್ದು?”

“ಉಳಿದದ್ದು ಹಾಗೇ ಇರ್ಲಿ.”

ಲಿಲಿಸ್ ಚಿಟ್ಟನೆ ಚೀರಿದರು: “ಇವಳಿಗೆ ಹೃದಯ ಅನ್ನೋದು ಇದೆಯೇನ್ರೀ?”

“ಇಷ್ಟೆಲ್ಲ ಕೇಳಿದ್ಮೇಲೂ?” ಅಂದರು ದರ್ಸಾ. ಮುಖ ಬಿಳಿಚಿತ್ತು.

“ಇಷ್ಟೆಲ್ಲ ಕೇಳಿದ್ಮೇಲೆ ನನ್ನ ಕರುಳು ಕಿತ್ತು ಬರ್ತಿದೆ ಕಾಂಗ್. ನಿಮ್ಮ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ. ಆದ್ರೆ ಕಿವಿ ಬೇರೆ. ಇವತ್ತು ನಿಮ್ಮ ಕಷ್ಟ ನೋಡಿ ನನ್ನ ಕಿವಿ ಚೆನ್ನಾಗಿದೆ ಅಂದುಬಿಟ್ರೆ, ಅವತ್ತು ಕಾರ್ಖಾನೆ ಗೇಟಲ್ಲಿ ಚೆನ್ನಾಗಿದೆ ಅಂದಿತ್ತಲ್ಲ, ಅದೂ ಸುಳ್ಳಾಗೋಗತ್ತೆ. ಅದೊಂದನ್ನ ನಾನು ಬಿಟ್ಟುಕೊಡಲ್ಲ. ನಿಮಗೋಸ್ಕರ ಕೂಡ ಬಿಟ್ಟುಕೊಡಲ್ಲ. ನಿಮ್ಮ ಗಂಟಲು ನಿಮ್ಮದು, ಹೊಲ್ಕೊಳ್ಳಿ. ನನ್ನ ಕಿವಿ ನಂದು.”

ಬು ರೊಕಾಯಾ ಬಂದು ನೀಲಿ ಸ್ಟೂಲನ್ನು ಎತ್ತಿ ಅಂಗಡಿಯ ಒಳಗೆ ಒಯ್ದು ಇಟ್ಟರು. ಇಟ್ಟ ಸದ್ದು ಎಲ್ಲರಿಗೂ ಕೇಳಿಸಿತು. ರೋಸ್ತಿನಿ ಅದನ್ನು ನೋಡಿದಳು, ಮೈಕನ್ನು ದೋದಿಯ ಕೈಗಿಟ್ಟಳು. ಆಮೇಲೆ ಮೇಜಿನ ಬಳಿ ಹೋಗಿ ಒಂದು ಕ್ಯಾಸೆಟ್ಟು ಎತ್ತಿಕೊಂಡು, ದುಡ್ಡು ಇಟ್ಟು, ಚೀಲಕ್ಕೆ ಹಾಕಿಕೊಂಡಳು.

“ಹಿಡಿಸ್ಲಿಲ್ಲ ಅಂದ್ಮೇಲೆ ಅದ್ಯಾಕೆ ನಿಂಗೆ?” ಬು ರೊಕಾಯಾ ಒಳಗಿಂದ ಕೂಗಿದರು. ದನಿಯಲ್ಲಿ ಅಳು ಇತ್ತು.

“ಬೈಬೇಕು ಅಂದ್ರೆ ಕೇಳ್ಬೇಕಲ್ಲ ಬು. ಸ್ಟೂಲ್ ಇಲ್ದಿದ್ರೇನು, ಮುಂದಿನ ಭಾನುವಾರ ನಿಂತ್ಕೊಂಡು ಕೇಳ್ತೀನಿ. ಹಾಡು ರಸ್ತೆವರೆಗೂ ಬರತ್ತೆ, ನೀವು ತಡೆಯೋಕಾಗಲ್ಲ.”

ಅವಳು ಹೊರಟಳು. ಜನ ದಾರಿ ಬಿಟ್ಟರು. ಮೇಜಿನ ಹಿಂದಿನಿಂದ ದರ್ಸಾ ಸರಕ್ಕನೆ ಹೊರಬಂದರು. ಒಂದೆರಡು ಕ್ಯಾಸೆಟ್ಟು ಉರುಳಿ ಬಿದ್ದವು.

“ನಿಲ್ಲು! ಏಳನೇ ಹಾಡು ಕೇಳಿದ್ಯಾ ನೀನು? ಸರಿಯಾಗಿ ಕೇಳಿದ್ಯಾ?”

“ಏಳನೇದಕ್ಕೆ ಸರಿಯಾಗಿ ನಿಮ್ಮ ಹೆಂಡ್ತಿ ತಿಂಡಿ ತಂದ್ರು,” ಅಂದಳು ರೋಸ್ತಿನಿ ನಡೆಯುತ್ತಲೇ. “ಅವರ ಜೊತೆ ಮಾತಾಡ್ತಿದ್ದೆ. ಕೇಳ್ಲಿಲ್ಲ.”

“ಕೇಳ್ಲಿಲ್ವಾ!” ದರ್ಸಾ ಹಿಂದೆಯೇ ಬಂದರು. ಜೀವಮಾನದಲ್ಲಿ ಯಾರ ಮೇಲೂ ದನಿ ಏರಿಸದವರು ತರಕಾರಿ ಅಂಗಡಿಗಳ ನಡುವೆ ಕೂಗುತ್ತಿದ್ದರು. “ಕೇಳದೇ ಬರೆಸಿದ್ಯಾ? ಎಂಟರಲ್ಲಿ ಒಂದು ಹಾಡು ಕೇಳದೇ? ಇದೇನಾ ನಿನ್ನ ದೊಡ್ಡ ಕಿವಿ?”

“ಆ ಬೈಗುಳ ಸರಿಯಾಗಿದೆ ಕಾಂಗ್, ಒಪ್ಪಿದೆ. ಮನೆಗೆ ಹೋಗಿ ಕೇಳ್ತೀನಿ.”

“ಏಳನೇದನ್ನ ಕೇಳದೆ ಆಲ್ಬಮ್ ಅರ್ಥ ಆಗೋದೇ ಇಲ್ಲ! ಅದರಲ್ಲಿ ಆ ಎರಡನೇ ಚರಣ ಇದೆಯಲ್ಲ, ಅಲ್ಲಿ ನಾನು... ರೋಸ್! ಮಾತಾಡ್ತಿದೀನಿ, ನಿಂತ್ಕೋ! ಅಲ್ಲಿ ಗಿಟಾರು ನಿಂತುಹೋಗತ್ತೆ, ಬರೀ ದನಿ, ಆಗ ನಾನು...”

ರೋಸ್ತಿನಿ ಈರುಳ್ಳಿ ಮೂಟೆಯೊಂದನ್ನು ದಾಟಿ, ಚೀಲವನ್ನು ಹೆಗಲಿಗೇರಿಸಿಕೊಂಡು, ಮೀನಿನ ಸಾಲಿನ ತಿರುವಿನಲ್ಲಿ ತಿರುಗಿದಳು.